ಪ್ರಾಸ್ಟೇಟ್ ಕ್ಯಾನ್ಸರ್ ಮರುಕಳಿಸಿದಾಗ: ಬದಲಾಗಬೇಕಾದ ಬದುಕು, ತಡವಾಗಬಾರದ ಚಿಕಿತ್ಸೆ

ಮೈಸೂರು: ಶಸ್ತ್ರಚಿಕಿತ್ಸೆಯಾಗಿ ಎರಡು ಮೂರು ವರ್ಷ ಕಳೆದಿರುತ್ತದೆ. ನೋವಿಲ್ಲ, ಜ್ವರವಿಲ್ಲ, ಊಟ ನಿದ್ರೆಗೆ ಕೊರತೆಯಿಲ್ಲ. ಆದರೆ ರಕ್ತಪರೀಕ್ಷೆಯ ವರದಿಯಲ್ಲಿ ಒಂದು ಅಂಕಿ ಮಾತ್ರ ಮೇಲೇರಿರುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಬಹುತೇಕ ಪುರುಷರಲ್ಲಿ ಮರುಕಳಿಸುವುದು ಹೀಗೆ, ಸದ್ದಿಲ್ಲದೆ.

ಆ ಕ್ಷಣದಿಂದ ಮನೆಯಲ್ಲಿ ಸಲಹೆಗಳ ಮಳೆ ಆರಂಭವಾಗುತ್ತದೆ. ಹಾಲು ಬಿಡಿ ಎನ್ನುವವರು ಒಬ್ಬರು, ದಾಳಿಂಬೆ ರಸ ಕುಡಿಯಿರಿ ಎನ್ನುವವರು ಇನ್ನೊಬ್ಬರು, ಯಾವುದೋ ಊರಿನ ಮದ್ದು ತರಿಸಿಕೊಡುತ್ತೇವೆ ಎನ್ನುವವರು ಮತ್ತೊಬ್ಬರು. ನಿವೃತ್ತ ಜೀವನ ನಡೆಸುತ್ತಿರುವವರು ಅನೇಕರಿರುವ ವಿದ್ಯಾರಣ್ಯಪುರಂನಂತಹ ಬಡಾವಣೆಗಳಲ್ಲಿ ಬೆಳಗಿನ ನಡಿಗೆಯ ನಡುವೆ ಇಂತಹ ಸಲಹೆಗಳು ಕೈಯಿಂದ ಕೈಗೆ ದಾಟುವುದು ಸಹಜ. ಇವುಗಳಲ್ಲಿ ಯಾವುದಕ್ಕೆ ವೈಜ್ಞಾನಿಕ ಆಧಾರವಿದೆ, ಯಾವುದಕ್ಕಿಲ್ಲ, ಯಾವುದು ಅಪಾಯಕಾರಿ ಎಂಬುದನ್ನು ಬೇರ್ಪಡಿಸಿ ನೋಡುವುದು ಅಗತ್ಯ.

ಒಂದು ಮಾತನ್ನು ಆರಂಭದಲ್ಲೇ ಹೇಳಬೇಕು. ಜೀವನಶೈಲಿಯ ಬದಲಾವಣೆ ಚಿಕಿತ್ಸೆಯ ಜೊತೆಗೆ ನಡೆಯಬೇಕಾದದ್ದೇ ಹೊರತು ಚಿಕಿತ್ಸೆಯ ಬದಲಿಗೆ ಅಲ್ಲ.

ಅಂಕಿ ಏನು ಹೇಳುತ್ತದೆ?

ಪುರುಷರ ಮೂತ್ರಕೋಶದ ಕೆಳಗೆ ಇರುವ ಪುಟ್ಟ ಗ್ರಂಥಿಯೇ ಪ್ರಾಸ್ಟೇಟ್. ಅದು ಉತ್ಪಾದಿಸುವ ಒಂದು ಪ್ರೋಟೀನಿಗೆ ಪಿಎಸ್‌ಎ ಎಂದು ಹೆಸರು. ಗ್ರಂಥಿಯನ್ನು ಪೂರ್ಣವಾಗಿ ತೆಗೆದುಹಾಕಿದ ಮೇಲೆ ರಕ್ತದಲ್ಲಿ ಪಿಎಸ್‌ಎ ಬಹುತೇಕ ಶೂನ್ಯಕ್ಕೆ ಇಳಿಯಬೇಕು. ಅನಂತರ ಅದು ಪ್ರತಿ ಮಿಲಿಲೀಟರ್ ರಕ್ತಕ್ಕೆ 0.2 ನ್ಯಾನೊಗ್ರಾಂ ಮುಟ್ಟಿ, ಮರುಪರೀಕ್ಷೆಯಲ್ಲೂ ಅದೇ ಕಂಡುಬಂದರೆ ರೋಗ ಮರುಕಳಿಸಿದೆ ಎಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಗ್ರಂಥಿ ದೇಹದಲ್ಲೇ ಉಳಿದಿರುವುದರಿಂದ ಲೆಕ್ಕ ಬೇರೆ. ಚಿಕಿತ್ಸೆಯ ನಂತರ ಪಿಎಸ್‌ಎ ಇಳಿದ ಕನಿಷ್ಠ ಮಟ್ಟಕ್ಕಿಂತ 2 ನ್ಯಾನೊಗ್ರಾಂ ಹೆಚ್ಚಾದಾಗ ಮಾತ್ರ ಮರುಕಳಿಕೆ ಎನ್ನಲಾಗುತ್ತದೆ.

ಅಂಕಿ ಏರಿದೊಡನೆ ಅಂತ್ಯ ಸಮೀಪಿಸಿತು ಎಂದು ಭಾವಿಸಬೇಕಾಗಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 1,997 ಪುರುಷರ ಕುರಿತ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 15ರಷ್ಟು ಮಂದಿಗೆ ಪಿಎಸ್‌ಎ ಮತ್ತೆ ಏರಿತ್ತು. ಹಾಗೆ ಏರಿದ ದಿನದಿಂದ ರೋಗ ದೇಹದ ಇತರ ಭಾಗಗಳಿಗೆ ಹರಡಿರುವುದು ಕಂಡುಬರಲು ಹಿಡಿದ ಮಧ್ಯಮ ಅವಧಿ 8 ವರ್ಷ.

ಆದರೆ ಎಲ್ಲರ ರೋಗವೂ ಒಂದೇ ವೇಗದಲ್ಲಿ ಸಾಗುವುದಿಲ್ಲ. ಪಿಎಸ್‌ಎ ಎಷ್ಟಿದೆ ಎಂಬುದಕ್ಕಿಂತ ಅದು ದ್ವಿಗುಣವಾಗಲು ಎಷ್ಟು ಕಾಲ ತೆಗೆದುಕೊಳ್ಳುತ್ತಿದೆ ಎಂಬುದು ಹೆಚ್ಚು ಮುಖ್ಯ. ಒಂದು ವರ್ಷದೊಳಗೆ ದ್ವಿಗುಣವಾದರೆ ಅಪಾಯ ಹೆಚ್ಚು; ಹಲವು ವರ್ಷ ಹಿಡಿದರೆ ಕಡಿಮೆ. ಆದ್ದರಿಂದ ಹಳೆಯ ವರದಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿಟ್ಟುಕೊಳ್ಳುವುದು, ಸಾಧ್ಯವಾದಷ್ಟು ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಕಳೆದುಹೋಗುವ ಸಮಯ

ಶಸ್ತ್ರಚಿಕಿತ್ಸೆಯ ನಂತರ ರೋಗ ಮರುಕಳಿಸಿದ ಅನೇಕರಿಗೆ ಗ್ರಂಥಿ ಇದ್ದ ಜಾಗಕ್ಕೆ ವಿಕಿರಣ ನೀಡುವ ಮೂಲಕ ರೋಗವನ್ನು ಸಂಪೂರ್ಣ ಗುಣಪಡಿಸುವ ಎರಡನೆಯ ಅವಕಾಶವಿರುತ್ತದೆ. ಈ ಚಿಕಿತ್ಸೆ ಹೆಚ್ಚು ಫಲಕಾರಿಯಾಗುವುದು ಪಿಎಸ್‌ಎ ಇನ್ನೂ ಕಡಿಮೆ ಇರುವಾಗ, ಸಾಮಾನ್ಯವಾಗಿ 0.5 ದಾಟುವ ಮುನ್ನ.

ಅಪಾಯವಿರುವುದು ಇಲ್ಲಿಯೇ. ‘ಆರು ತಿಂಗಳು ಪಥ್ಯ ಮಾಡಿ ನೋಡೋಣ, ಇಳಿಯದಿದ್ದರೆ ಆಮೇಲೆ ಡಾಕ್ಟರ ಬಳಿ ಹೋಗೋಣ’ ಎಂಬ ನಿರ್ಧಾರ ಮೇಲ್ನೋಟಕ್ಕೆ ನಿರುಪದ್ರವಿ ಎನಿಸುತ್ತದೆ. ವೇಗವಾಗಿ ಏರುವ ಪಿಎಸ್‌ಎ ಆರು ತಿಂಗಳಲ್ಲಿ 0.2ರಿಂದ 0.5 ದಾಟಬಲ್ಲದು. ಗುಣವಾಗುವ ಅವಕಾಶ ಆ ಅವಧಿಯಲ್ಲೇ ಕಿರಿದಾಗುತ್ತದೆ. ನಿಧಾನವಾಗಿ ಏರುವವರಿಗೆ ಕಾದು ನೋಡುವಂತೆ ವೈದ್ಯರೇ ಹೇಳುವುದುಂಟು. ಆದರೆ ಕಾಯುವ ತೀರ್ಮಾನ ವೈದ್ಯರೊಡನೆ ಕುಳಿತು ತೆಗೆದುಕೊಳ್ಳಬೇಕಾದದ್ದು.

ಮೊದಲು ಬಿಡಬೇಕಾದದ್ದು ತಂಬಾಕು

ಮರುಕಳಿಕೆಯ ವಿಷಯದಲ್ಲಿ ಅತ್ಯಂತ ಸ್ಪಷ್ಟ ಸಂಬಂಧ ಕಂಡುಬಂದಿರುವ ಅಭ್ಯಾಸಗಳಲ್ಲಿ ಧೂಮಪಾನ ಪ್ರಮುಖವಾದುದು. ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಗಿದ್ದ 5,366 ಅಮೆರಿಕನ್ ಪುರುಷರ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಎಂದೂ ಸೇದದವರಿಗೆ ಹೋಲಿಸಿದರೆ, ರೋಗ ಪತ್ತೆಯಾದಾಗ ಸಿಗರೇಟು ಸೇದುತ್ತಿದ್ದವರಲ್ಲಿ ಪಿಎಸ್‌ಎ ಮರುಕಳಿಸುವ ಅಪಾಯ ಶೇ 61ರಷ್ಟು ಹೆಚ್ಚಿತ್ತು. ಇದೇ ರೋಗದಿಂದ ಸಾಯುವ ಅಪಾಯವೂ ಅಷ್ಟೇ ಹೆಚ್ಚಿತ್ತು. ಸೇದುವುದನ್ನು ಬಿಟ್ಟು ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಕಳೆದವರಲ್ಲಿ ಈ ಅಪಾಯ ಎಂದೂ ಸೇದದವರ ಮಟ್ಟಕ್ಕೆ ಇಳಿದಿತ್ತು.

‘ಈ ವಯಸ್ಸಿನಲ್ಲಿ ಬಿಟ್ಟು ಏನು ಪ್ರಯೋಜನ’ ಎನ್ನುವವರಿಗೆ ಇದೇ ಉತ್ತರ. ಆ ಅಧ್ಯಯನ ಸಿಗರೇಟಿಗೆ ಸಂಬಂಧಿಸಿದ್ದಾದರೂ, ಬೀಡಿ ಹಾಗೂ ಎಲೆ ಅಡಿಕೆಯ ಜೊತೆಗಿನ ಹೊಗೆಸೊಪ್ಪು ಹೃದಯಕ್ಕೂ ಬಾಯಿಗೂ ಮಾಡುವ ಹಾನಿ ಸಂದೇಹಾತೀತ.

ನಡೆದರೆ ಸಾಲದು, ಬಿರುಸಾಗಿ ನಡೆಯಬೇಕು

ಅದೇ 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 1,455 ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ನಡಿಗೆಯನ್ನು ಗಮನಿಸಿತು. ವಾರಕ್ಕೆ ಮೂರು ಗಂಟೆ ಅಥವಾ ಹೆಚ್ಚು ಕಾಲ ಬಿರುಸಾಗಿ ನಡೆದವರಲ್ಲಿ ರೋಗ ಮುಂದುವರಿಯುವ ಪ್ರಮಾಣ, ಅದಕ್ಕಿಂತ ಕಡಿಮೆ ಕಾಲ ನಿಧಾನವಾಗಿ ನಡೆದವರಿಗಿಂತ ಶೇ 57ರಷ್ಟು ಕಡಿಮೆ ಇತ್ತು. ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಇದು ಜನರ ಅಭ್ಯಾಸವನ್ನು ದೂರದಿಂದ ಗಮನಿಸಿದ ಅಧ್ಯಯನ. ಮೊದಲೇ ಆರೋಗ್ಯವಂತರಾಗಿದ್ದವರು ಬಿರುಸಾಗಿ ನಡೆದಿರುವ ಸಾಧ್ಯತೆ ಇದ್ದೇ ಇದೆ. ಹಾಗಿದ್ದರೂ ನಡಿಗೆಯಿಂದ ಹೃದಯ, ಸಕ್ಕರೆ, ರಕ್ತದೊತ್ತಡಗಳಿಗೆ ಆಗುವ ಲಾಭ ನಿರ್ವಿವಾದವಾದ್ದರಿಂದ ಈ ಸಲಹೆಯಲ್ಲಿ ನಷ್ಟವೇನಿಲ್ಲ.

ಬಿರುಸು ನಡಿಗೆ ಎಂದರೆ ಗಂಟೆಗೆ ಸುಮಾರು ಐದು ಕಿಲೋಮೀಟರ್ ವೇಗ. ಮಾತನಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲದಂತಿರಬೇಕು. ವಾರಕ್ಕೆ ಆರು ದಿನ, ದಿನಕ್ಕೆ ಅರ್ಧ ಗಂಟೆ ನಡೆದರೆ ಮೂರು ಗಂಟೆಯ ಲೆಕ್ಕ ತುಂಬುತ್ತದೆ. ಗೆಳೆಯರೊಡನೆ ಹರಟುತ್ತ ಮೈದಾನಕ್ಕೆ ಎರಡು ಸುತ್ತು ಬಂದು ಕಾಫಿಗೆ ಕೂರುವುದು ಮನಸ್ಸಿಗೆ ಹಿತ. ಆದರೆ ಅದು ಈ ಲೆಕ್ಕಕ್ಕೆ ಸೇರುವುದಿಲ್ಲ. ವಿದ್ಯಾರಣ್ಯಪುರಂನ ಸೂಯೇಜ್ ಫಾರಂ ಕಡೆಯಿಂದ ಬರುವ ದುರ್ವಾಸನೆಯ ಬಗ್ಗೆ ನಿವಾಸಿಗಳು ವರ್ಷಗಳಿಂದ ದೂರುತ್ತ ಬಂದಿದ್ದಾರೆ. ವಾಸನೆ ಹೆಚ್ಚಿರುವ ದಿನ ನಡಿಗೆಯನ್ನೇ ಬಿಡುವ ಬದಲು ಬೇರೆ ದಾರಿ ಅಥವಾ ಬೇರೆ ಹೊತ್ತನ್ನು ಆರಿಸಿಕೊಳ್ಳಬಹುದು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಏರುವ ಹುಮ್ಮಸ್ಸು ಇರುವವರು ಮೊದಲು ಹೃದಯದ ತಪಾಸಣೆ ಮಾಡಿಸಿಕೊಳ್ಳುವುದು ಲೇಸು.

ತಟ್ಟೆಯಲ್ಲಿ ಏನಿರಬೇಕು?

ಆಹಾರದ ವಿಷಯದಲ್ಲಿ ವಿಜ್ಞಾನದ ಉತ್ತರ ನಿರೀಕ್ಷಿಸುವಷ್ಟು ಖಚಿತವಾಗಿಲ್ಲ. 2005ರಲ್ಲಿ ಅಮೆರಿಕದ ವೈದ್ಯ ಡೀನ್ ಆರ್ನಿಶ್ ತಂಡ 93 ರೋಗಿಗಳ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. ಕಡಿಮೆ ಕೊಬ್ಬಿನ ಸಸ್ಯಾಹಾರ, ವ್ಯಾಯಾಮ, ಯೋಗ, ಧ್ಯಾನಗಳನ್ನು ಒಂದು ವರ್ಷ ಪಾಲಿಸಿದವರ ಪಿಎಸ್‌ಎ ಶೇ 4ರಷ್ಟು ಇಳಿದಿತ್ತು. ಪಾಲಿಸದವರದು ಶೇ 6ರಷ್ಟು ಏರಿತ್ತು. ಇದು ಬಹಳ ಸುದ್ದಿಯಾಯಿತು. ಆದರೆ 2020ರಲ್ಲಿ ಪ್ರಕಟವಾದ, 478 ಪುರುಷರ ದೊಡ್ಡ ಪ್ರಯೋಗದಲ್ಲಿ ತರಕಾರಿ ಸೇವನೆ ಹೆಚ್ಚಿಸಿದ ಮಾತ್ರಕ್ಕೆ ಎರಡು ವರ್ಷಗಳಲ್ಲಿ ರೋಗದ ಮುನ್ನಡೆ ತಗ್ಗಲಿಲ್ಲ. ಎರಡೂ ಪ್ರಯೋಗಗಳಲ್ಲಿ ಇದ್ದವರು ಇನ್ನೂ ಚಿಕಿತ್ಸೆ ಪಡೆಯದ, ಆರಂಭಿಕ ಹಂತದ ರೋಗಿಗಳು ಎಂಬುದನ್ನೂ ಮರೆಯುವಂತಿಲ್ಲ.

ತೂಕದ ವಿಷಯ ಸ್ವಲ್ಪ ಭಿನ್ನ. ಶಸ್ತ್ರಚಿಕಿತ್ಸೆಯ ಹಿಂದು ಮುಂದಿನ ವರ್ಷಗಳಲ್ಲಿ 2.2 ಕಿಲೋಗ್ರಾಂಗಿಂತ ಹೆಚ್ಚು ತೂಕ ಗಳಿಸಿದವರಲ್ಲಿ ಮರುಕಳಿಕೆಯ ಅಪಾಯ ಸುಮಾರು ಎರಡು ಪಟ್ಟು ಇತ್ತೆಂದು ಜಾನ್ಸ್ ಹಾಪ್ಕಿನ್ಸ್‌ನ ಇನ್ನೊಂದು ಅಧ್ಯಯನ 2011ರಲ್ಲಿ ವರದಿ ಮಾಡಿತು. ಆದ್ದರಿಂದ ‘ಯಾವ ತರಕಾರಿ ಒಳ್ಳೆಯದು’ ಎಂಬ ಪ್ರಶ್ನೆಗಿಂತ ‘ಸೊಂಟದ ಸುತ್ತಳತೆ ಎಷ್ಟು’ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ.

ಇದಕ್ಕೆ ವಿದೇಶಿ ಆಹಾರ ಬೇಕಾಗಿಲ್ಲ. ರಾಗಿ ಮುದ್ದೆ, ಸೊಪ್ಪಿನ ಸಾರು, ಬಸ್ಸಾರು, ಹುರುಳಿ, ಅವರೆ, ಹೆಸರುಕಾಳಿನ ಉಸಲಿ ನಮ್ಮ ಅಡುಗೆಮನೆಯಲ್ಲೇ ಇವೆ. ಅನ್ನದ ಪ್ರಮಾಣ ತಗ್ಗಿಸಿ ಪಲ್ಯ, ಕಾಳಿನ ಪಾಲು ಹೆಚ್ಚಿಸುವುದು, ಕರಿದ ತಿಂಡಿ, ಬೆಣ್ಣೆ ದೋಸೆ, ಮೈಸೂರು ಪಾಕ್‌ಗಳನ್ನು ಹಬ್ಬಕ್ಕೆ ಮೀಸಲಿಡುವುದು, ದಿನಕ್ಕೆ ನಾಲ್ಕೈದು ಬಾರಿ ಸಕ್ಕರೆ ಬೆರೆಸಿದ ಕಾಫಿ ಕುಡಿಯುವವರು ಅದನ್ನು ಎರಡಕ್ಕೆ ಇಳಿಸುವುದು ಸಾಧ್ಯವಾಗುವ ಹೆಜ್ಜೆಗಳು. ಕಡಲೆಕಾಯಿ, ಬಾದಾಮಿಯಂತಹ ಬೀಜಗಳನ್ನು ಒಂದು ಹಿಡಿಯಷ್ಟು ತಿನ್ನಬಹುದು.

ಮಾತ್ರೆ, ರಸ, ಮದ್ದು

ಪೂರಕ ಮಾತ್ರೆಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆಯ ಗಂಟೆ ಜೋರಾಗಿಯೇ ಬಾರಿಸಿದೆ. ವಿಟಮಿನ್ ಇ ಮತ್ತು ಸೆಲೆನಿಯಂ ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಯುತ್ತವೆಯೇ ಎಂದು ತಿಳಿಯಲು 35 ಸಾವಿರಕ್ಕೂ ಹೆಚ್ಚು ಪುರುಷರ ಮೇಲೆ ಪ್ರಯೋಗ ನಡೆಯಿತು. 2011ರಲ್ಲಿ ಹೊರಬಂದ ಫಲಿತಾಂಶ ತಿರುಗುಮುರುಗಾಗಿತ್ತು: ವಿಟಮಿನ್ ಇ ಸೇವಿಸಿದವರಲ್ಲಿ ರೋಗ ಶೇ 17ರಷ್ಟು ಹೆಚ್ಚು ಕಂಡುಬಂದಿತು.

ದಾಳಿಂಬೆ ರಸದ ಕಥೆಯೂ ಬೋಧಪ್ರದವಾದುದು. ರೋಗ ಮರುಕಳಿಸಿದ ಪುರುಷರಲ್ಲಿ ಅದು ಪಿಎಸ್‌ಎ ದ್ವಿಗುಣವಾಗುವ ಅವಧಿಯನ್ನು 15 ತಿಂಗಳಿನಿಂದ 54 ತಿಂಗಳಿಗೆ ಹಿಗ್ಗಿಸಿತೆಂದು 2006ರ ಸಣ್ಣ ಅಧ್ಯಯನವೊಂದು ಹೇಳಿತ್ತು. ಅದರಲ್ಲಿ ಹೋಲಿಕೆಗೆ ಬೇರೊಂದು ಗುಂಪು ಇರಲಿಲ್ಲ. ಒಂದು ಗುಂಪಿಗೆ ದಾಳಿಂಬೆಯ ಸಾರ, ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿ ಪಾನೀಯ ನೀಡಿ ಪರೀಕ್ಷಿಸಿದಾಗ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲವೆಂದು 2015ರಲ್ಲಿ ವರದಿಯಾಯಿತು. ದಾಳಿಂಬೆ ಹಣ್ಣಾಗಿ ಒಳ್ಳೆಯದು, ಔಷಧವಾಗಿ ಅಲ್ಲ.

ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯಕಾರಿ ಎನ್ನುವಂತಿಲ್ಲ. ‘ಪಿಸಿ-ಸ್ಪೆಸ್’ ಎಂಬ ಗಿಡಮೂಲಿಕೆ ಮಿಶ್ರಣ ಅಮೆರಿಕದಲ್ಲಿ ಪಿಎಸ್‌ಎ ಇಳಿಸುತ್ತದೆಂದು ಹೆಸರಾಗಿತ್ತು. ಪರೀಕ್ಷಿಸಿದಾಗ ಅದರಲ್ಲಿ ಕೃತಕ ಹೆಣ್ಣು ಹಾರ್ಮೋನು ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಬೆರೆತಿರುವುದು ಪತ್ತೆಯಾಗಿ 2002ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಹೆಸರಿಲ್ಲದ ಪೊಟ್ಟಣದ ಮದ್ದು ಸೇವಿಸುವವರು ಕನಿಷ್ಠ ಅದನ್ನು ತಮ್ಮ ವೈದ್ಯರಿಗೆ ತೋರಿಸಬೇಕು. ಅಂಕಿ ಇಳಿದರೂ ರೋಗ ಇಳಿದಿರಬೇಕೆಂದಿಲ್ಲ.

ಹಾರ್ಮೋನ್ ಚಿಕಿತ್ಸೆ ಪಡೆಯುವವರಿಗೆ

ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯುವುದು ಪುರುಷ ಹಾರ್ಮೋನಿನ ಆಸರೆಯಿಂದ. ಇದನ್ನು ತೋರಿಸಿಕೊಟ್ಟ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಮರುಕಳಿಸಿದ ಅನೇಕರಿಗೆ ಆ ಹಾರ್ಮೋನನ್ನು ತಡೆಯುವ ಚುಚ್ಚುಮದ್ದು ನೀಡಲಾಗುತ್ತದೆ. ರೋಗ ಹಿಡಿತಕ್ಕೆ ಬಂದರೂ ಬೆಲೆ ತೆರಬೇಕಾಗುತ್ತದೆ. ಮೂಳೆ ಸವೆಯುತ್ತದೆ, ಮಾಂಸಖಂಡ ಕರಗುತ್ತದೆ, ಹೊಟ್ಟೆ ಬೆಳೆಯುತ್ತದೆ, ಸಕ್ಕರೆ ಕಾಯಿಲೆ ಮತ್ತು ಹೃದ್ರೋಗದ ಸಂಭವ ಹೆಚ್ಚುತ್ತದೆ.

ಜೀವನಶೈಲಿಯ ಬದಲಾವಣೆಗೆ ಅತ್ಯಂತ ಗಟ್ಟಿ ಕಾರಣ ಇರುವುದು ಈ ಗುಂಪಿನವರಿಗೆ. ನಡಿಗೆಯ ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಭಾರ ಕೊಡುವ ವ್ಯಾಯಾಮ ಬೇಕು. ಕುರ್ಚಿಯಿಂದ ಕೈ ಊರದೆ ಹತ್ತು ಬಾರಿ ಏಳುವುದು, ಗೋಡೆಗೆ ಕೈಯೊತ್ತಿ ದಂಡೆ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತುವುದರಿಂದ ಆರಂಭಿಸಬಹುದು. ಮೂಳೆಯ ಸಾಂದ್ರತೆಯ ಪರೀಕ್ಷೆ ಮಾಡಿಸಿ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಎಷ್ಟು ಬೇಕೆಂದು ವೈದ್ಯರಿಂದಲೇ ತಿಳಿಯಬೇಕು. ಮೂಳೆಗೆ ರೋಗ ಹರಡಿರುವವರು ಭಾರ ಎತ್ತುವ ಮುನ್ನ ಕಡ್ಡಾಯವಾಗಿ ಕೇಳಬೇಕು.

ಯೋಗಕ್ಕೆ ಹೆಸರಾದ ಊರಿನಲ್ಲಿ ಯೋಗದ ಪ್ರಶ್ನೆ ಬಂದೇ ಬರುತ್ತದೆ. ವಿಕಿರಣ ಚಿಕಿತ್ಸೆಯ ಅವಧಿಯಲ್ಲಿ ವಾರಕ್ಕೆ ಎರಡು ಬಾರಿ ಯೋಗ ಮಾಡಿದವರಲ್ಲಿ ಆಯಾಸ ಕಡಿಮೆ ಇತ್ತೆಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಣ್ಣ ಪ್ರಯೋಗವೊಂದು 2017ರಲ್ಲಿ ತೋರಿಸಿತು. ಯೋಗ ಕ್ಯಾನ್ಸರನ್ನು ತಡೆಯುತ್ತದೆಂದು ಅದು ಹೇಳಲಿಲ್ಲ. ಮೂಳೆ ಸವೆದವರು ಬೆನ್ನನ್ನು ಬಲವಾಗಿ ಬಾಗಿಸುವ ಆಸನಗಳನ್ನು ಬಿಡುವುದು ಕ್ಷೇಮ.

ಮೌನ ಬೇಡ

ಮೂತ್ರ ಸೋರಿಕೆ, ಲೈಂಗಿಕ ಅಶಕ್ತತೆ, ಮೈ ಬಿಸಿಯೇರಿ ಬೆವರುವುದು ಈ ರೋಗದ ಚಿಕಿತ್ಸೆಯ ಜೊತೆಗೇ ಬರುತ್ತವೆ. ಅನೇಕ ಪುರುಷರು ಇದನ್ನು ಹೆಂಡತಿಗೂ ಹೇಳುವುದಿಲ್ಲ, ವೈದ್ಯರಿಗೂ ಹೇಳುವುದಿಲ್ಲ. ಹೊರಗೆ ಹೋದರೆ ಬಟ್ಟೆ ಒದ್ದೆಯಾದೀತೆಂಬ ಅಂಜಿಕೆಯಿಂದ ನಡಿಗೆ ನಿಲ್ಲುತ್ತದೆ, ಮದುವೆ ಮುಂಜಿಗೆ ಹೋಗುವುದು ನಿಲ್ಲುತ್ತದೆ, ತೂಕ ಏರುತ್ತದೆ. ಸೊಂಟದ ಕೆಳಭಾಗದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ಸರಳ ವ್ಯಾಯಾಮದಿಂದ ಸೋರಿಕೆ ಕಡಿಮೆಯಾಗುವ ಸಾಧ್ಯತೆಯಿದೆ. ಆದರೆ ಕೇಳಿದರೆ ಮಾತ್ರ ಅದನ್ನು ಕಲಿಸುವವರು ಸಿಗುತ್ತಾರೆ. ಮನೆಯ ಅಡುಗೆ ಬದಲಾಗಬೇಕಾದರೂ ಅಡುಗೆ ಮಾಡುವವರಿಗೆ ಕಾರಣ ತಿಳಿದಿರಬೇಕು.

ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ ಹಾಗೂ ಖಾಸಗಿ ಕ್ಯಾನ್ಸರ್ ಆಸ್ಪತ್ರೆಗಳಿವೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ನೆರವು ಲಭ್ಯ. ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ನನ್ನ ಪಿಎಸ್‌ಎ ಎಷ್ಟು ತಿಂಗಳಲ್ಲಿ ದ್ವಿಗುಣವಾಗುತ್ತಿದೆ? ವಿಕಿರಣಕ್ಕೆ ಇನ್ನೂ ಸಮಯವಿದೆಯೇ? ನನ್ನ ಹೃದಯ ಮತ್ತು ಮೂಳೆ ಹೇಗಿವೆ? ನಾನು ಎಷ್ಟು ವ್ಯಾಯಾಮ ಮಾಡಬಹುದು? ಉತ್ತರಗಳನ್ನು ಬರೆದುಕೊಳ್ಳಲು ಮನೆಯವರೊಬ್ಬರು ಜೊತೆಗಿರುವುದು ಒಳಿತು.