ಫೋರ್ ವೀಲ್ ಡ್ರೈವ್ ಪಿಕಪ್ ವಾಹನದ ಟ್ರಾನ್ಸ್‌ಫರ್ ಕೇಸ್: ಎಣ್ಣೆಯ ಆಯ್ಕೆ ಮತ್ತು ಬಿಲ್ಲಿನ ಪರಿಶೀಲನೆ

(ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ)

ಮಲೆನಾಡು ಹಾಗೂ ಘಟ್ಟದ ತಪ್ಪಲಿನ ಹಲವು ಹಳ್ಳಿಗಳಿಗೆ ಮಳೆಗಾಲದಲ್ಲಿ ನೀರಿನ ಪಂಪು, ಪೈಪು, ಬೀದಿದೀಪದ ಸಾಮಗ್ರಿಗಳನ್ನು ತಲುಪಿಸಬೇಕಾದರೆ ಫೋರ್ ವೀಲ್ ಡ್ರೈವ್ ಪಿಕಪ್ ವಾಹನವನ್ನೇ ನೆಚ್ಚಬೇಕಾಗುತ್ತದೆ. ಇಂತಹ ವಾಹನವು ಗ್ರಾಮ ಪಂಚಾಯಿತಿಯ ಸ್ವಂತದ್ದಾಗಿದ್ದರೆ ಅದರ ದುರಸ್ತಿಯ ಬಿಲ್ಲುಗಳು ಸಾಮಾನ್ಯ ಸಭೆಯ ಮುಂದೆ ಬರುತ್ತವೆ. ಅವುಗಳಲ್ಲಿ ಎಂಜಿನ್ ಆಯಿಲ್‌ನ ದರ್ಜೆ ಮತ್ತು ಪ್ರಮಾಣ ನಮೂದಾಗಿರುವುದುಂಟು. ಉಳಿದದ್ದೆಲ್ಲವೂ ‘ಗೇರ್ ಆಯಿಲ್ ಬದಲಾವಣೆ’ ಎಂಬ ಒಂದೇ ಸಾಲಿನಲ್ಲಿ ಮುಗಿದಿರುತ್ತದೆ. ಫೋರ್ ವೀಲ್ ಡ್ರೈವ್ ವಾಹನದಲ್ಲಿ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಹೌಸಿಂಗ್, ಹಿಂದಿನ ಹೌಸಿಂಗ್ ಎಂದು ಐದು ಕಡೆ ಎಣ್ಣೆ ಇರುತ್ತದೆ. ಐದಕ್ಕೂ ಒಂದೇ ಎಣ್ಣೆ ಹೊಂದುವುದಿಲ್ಲ. ಇವುಗಳಲ್ಲಿ ಹೆಚ್ಚು ತಪ್ಪು ನಡೆಯುವುದು ಟ್ರಾನ್ಸ್‌ಫರ್ ಕೇಸಿನ ವಿಷಯದಲ್ಲಿ. ಅದಕ್ಕೆ ಹಿಡಿಯುವ ಎಣ್ಣೆ ಸಾಮಾನ್ಯವಾಗಿ 1ರಿಂದ 2 ಲೀಟರ್ ಮಾತ್ರ. ಆದರೆ ಆ ಪೆಟ್ಟಿಗೆ ಕೆಟ್ಟರೆ ತಗಲುವ ವೆಚ್ಚವು ಎಣ್ಣೆಯ ಬೆಲೆಯ ಹಲವು ಪಟ್ಟು, ಮತ್ತು ವಾಹನವು ಅತ್ಯಗತ್ಯವಾದ ದಿನಗಳಲ್ಲೇ ಗ್ಯಾರೇಜಿನಲ್ಲಿ ನಿಲ್ಲುತ್ತದೆ.

ಟ್ರಾನ್ಸ್‌ಫರ್ ಕೇಸ್ ಎಂಬುದು ಗೇರ್‌ಬಾಕ್ಸಿನ ಹಿಂಬದಿಗೆ ಜೋಡಿಸಿದ ಮತ್ತೊಂದು ಪೆಟ್ಟಿಗೆ. ಗೇರ್‌ಬಾಕ್ಸಿನಿಂದ ಬರುವ ಬಲವನ್ನು ಹಿಂದಿನ ಚಕ್ರಗಳಿಗೆ ಮಾತ್ರವೇ ಕೊಡಬೇಕೋ, ಮುಂದಿನ ಚಕ್ರಗಳಿಗೂ ಹಂಚಬೇಕೋ ಎಂಬುದನ್ನು ಇದು ನಿರ್ಧರಿಸುತ್ತದೆ. ಚಾಲಕರು ‘ಲೋ’ ಹಾಕಿದಾಗ ಚಕ್ರದ ವೇಗವನ್ನು ಸುಮಾರು ಎರಡೂವರೆ ಪಟ್ಟು ತಗ್ಗಿಸಿ, ಅಷ್ಟೇ ಪಟ್ಟು ಎಳೆತವನ್ನು ಹೆಚ್ಚಿಸುವುದೂ ಇದೇ ಪೆಟ್ಟಿಗೆ. ಭಾರ ತುಂಬಿದ ವಾಹನ ಕೆಸರಿನ ಏರು ಹತ್ತುವಾಗ ಇಡೀ ಶ್ರಮ ಇದರ ಮೂಲಕವೇ ಹಾದುಹೋಗುತ್ತದೆ.

ಎಣ್ಣೆಯ ಗೊಂದಲಕ್ಕೆ ಒಂದು ಹಿನ್ನೆಲೆಯಿದೆ. ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪಿನ ಜೋಡಣೆಯನ್ನು ಆರಂಭಿಸಿದ ಬಳಿಕ, ಅದೇ ಮಾದರಿಯಿಂದ ಬೆಳೆದುಬಂದ ಜೀಪುಗಳು ಕಾಫಿ, ಅಡಕೆ ತೋಟಗಳ ದಾರಿಗಳಲ್ಲಿ ದಶಕಗಳ ಕಾಲ ದುಡಿದವು. ಆ ಜೀಪುಗಳ ಟ್ರಾನ್ಸ್‌ಫರ್ ಕೇಸಿನೊಳಗೆ ಒಂದಕ್ಕೊಂದು ಕಚ್ಚಿಕೊಂಡು ತಿರುಗುವ ಹಲ್ಲುಚಕ್ರಗಳು ಮಾತ್ರ ಇದ್ದವು. ಗೇರ್‌ಬಾಕ್ಸಿಗೂ ಅದಕ್ಕೂ 90 ನಂಬರಿನ ದಪ್ಪ ಗೇರ್ ಆಯಿಲ್ ಸಾಕಾಗುತ್ತಿತ್ತು. ಅಂದಿನ ಮೆಕ್ಯಾನಿಕರಿಗೆ ಇದು ತಪ್ಪಾಗಿರಲಿಲ್ಲ. ಅವರಿಂದ ಕೆಲಸ ಕಲಿತವರು ಅದೇ ರೂಢಿಯನ್ನು ಇಂದಿನ ವಾಹನಗಳಿಗೂ ಮುಂದುವರಿಸಿದಾಗ ತೊಂದರೆ ಶುರುವಾಗುತ್ತದೆ.

ಇಂದಿನ ಅನೇಕ ಪಿಕಪ್‌ಗಳಲ್ಲಿ ಮುಂದಿನ ಚಕ್ರಗಳಿಗೆ ಬಲ ಸಾಗುವುದು ಅಗಲವಾದ ಉಕ್ಕಿನ ಚೈನ್ ಮೂಲಕ. ಬೋರ್ಗ್‌ವಾರ್ನರ್ ವಿನ್ಯಾಸದ ಪೆಟ್ಟಿಗೆಗಳು ಈ ಬಗೆಗೆ ಪರಿಚಿತ ಉದಾಹರಣೆ. (ಭಾರತದಲ್ಲಿ ಟ್ರಾನ್ಸ್‌ಫರ್ ಕೇಸ್ ತಯಾರಿಸುವ ದಿವ್ಗಿ ಸಂಸ್ಥೆಯ ಕಾರ್ಖಾನೆಗಳಲ್ಲಿ ಒಂದು ಉತ್ತರ ಕನ್ನಡದ ಶಿರಸಿಯಲ್ಲೇ ಇದೆ.) ಇಂತಹ ಪೆಟ್ಟಿಗೆಯೊಳಗೆ ಒಂದು ಚಿಕ್ಕ ಪಂಪು ಇದ್ದು, ತಳದಲ್ಲಿರುವ ಎಣ್ಣೆಯನ್ನು ಹೀರಿ ಶಾಫ್ಟಿನೊಳಗಿನ ಸಣ್ಣ ರಂಧ್ರಗಳ ಮೂಲಕ ಬೇರಿಂಗುಗಳಿಗೂ ಲೋ ಗೇರಿನ ಹಲ್ಲುಗಳಿಗೂ ಒದಗಿಸುತ್ತದೆ. ಆದ್ದರಿಂದ ಇವುಗಳಲ್ಲಿ ಹಲವಕ್ಕೆ ತಯಾರಕರು ಸೂಚಿಸುವುದು ತೆಳುವಾದ ಎ.ಟಿ.ಎಫ್., ಅಂದರೆ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್. ಈ ಹೆಸರೇ ದಾರಿ ತಪ್ಪಿಸುತ್ತದೆ. ‘ನಮ್ಮದು ಕೈಯಿಂದ ಗೇರ್ ಹಾಕುವ ಗಾಡಿ, ಆಟೋಮ್ಯಾಟಿಕ್ ಎಣ್ಣೆ ಏಕೆ?’ ಎಂಬ ಪ್ರಶ್ನೆ ಸಹಜ. ಗೇರ್‌ಬಾಕ್ಸ್ ಯಾವ ಬಗೆಯದಾದರೂ ಟ್ರಾನ್ಸ್‌ಫರ್ ಕೇಸಿನ ಬೇಡಿಕೆ ಬೇರೆಯೇ ಎಂಬುದು ಅದಕ್ಕೆ ಉತ್ತರ.

ದಪ್ಪ ಎಣ್ಣೆ ಹಾಕಿದರೆ ಏನಾಗುತ್ತದೆ? 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 90 ದರ್ಜೆಯ ಗೇರ್ ಆಯಿಲ್‌ನ ಸ್ನಿಗ್ಧತೆ ಕನಿಷ್ಠ 13.5 ಸೆಂಟಿಸ್ಟೋಕ್, ಡೆಕ್ಸ್ರಾನ್-3 ಬಗೆಯ ಎ.ಟಿ.ಎಫ್.ನದು ಸುಮಾರು 7. ತಣ್ಣಗಿರುವಾಗ ಈ ಅಂತರ ಇನ್ನೂ ಹಿಗ್ಗುತ್ತದೆ. 40 ಡಿಗ್ರಿಯಲ್ಲಿ ಸುಮಾರು ನಾಲ್ಕು ಪಟ್ಟಾಗುವುದುಂಟು. ಮಾಗಿಯ ಮುಂಜಾನೆ ವಾಹನ ಹೊರಟಾಗ ಆ ದಪ್ಪ ಎಣ್ಣೆ ಪಂಪಿಗೆ ಸುಲಭವಾಗಿ ಏರುವುದಿಲ್ಲ, ಚೈನಿನ ಕೊಂಡಿಗಳ ಸಂದಿಗೆ ಬೇಗ ಇಳಿಯುವುದಿಲ್ಲ. ಬೇರಿಂಗುಗಳು ಅಷ್ಟು ಹೊತ್ತು ಅರೆಬರೆ ಎಣ್ಣೆಯಲ್ಲಿ ತಿರುಗುತ್ತವೆ. ಫೋರ್ ವೀಲ್ ಲಿವರ್ ಬಿಗಿಯಾಗುವುದು, ಗುಂಡಿ ಒತ್ತಿದರೂ ಬೇಗ ಸೇರದಿರುವುದು ಇದರ ಮೊದಲ ಲಕ್ಷಣಗಳು. ಸವೆದು ಸಡಿಲಗೊಂಡ ಚೈನು ಭಾರ ಬಿದ್ದಾಗ ಹಲ್ಲು ಹಾರಿ ಸದ್ದು ಮಾಡುತ್ತದೆ, ಕೊನೆಗೆ ಅಲ್ಯೂಮಿನಿಯಂ ಪೆಟ್ಟಿಗೆಯನ್ನೇ ಒಳಗಿನಿಂದ ಕೆರೆಯುತ್ತದೆ. ತಪ್ಪು ಎಣ್ಣೆ ಹಾಕಿದ ದಿನವೇ ಇವು ಕಾಣಿಸುವುದಿಲ್ಲ. ತಿಂಗಳುಗಳ ನಂತರ ಕಾಣಿಸುವುದರಿಂದ ಹೊಣೆಯನ್ನು ಚಾಲಕನ ತಲೆಗೆ ಕಟ್ಟುವುದೇ ಹೆಚ್ಚು.

ಇದರ ತಿರುವುಮುರುವು ತಪ್ಪೂ ಅಷ್ಟೇ ಹಾನಿಕರ. ಮುಂದಿನ, ಹಿಂದಿನ ಹೌಸಿಂಗಿನ ಹಲ್ಲುಗಳು ಒಂದರ ಮೇಲೊಂದು ಒತ್ತಿ ಜಾರುವುದರಿಂದ ಅವುಗಳಿಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ ಗೇರ್ ಆಯಿಲ್ ಬೇಕು, ಅಲ್ಲಿಗೆ ಎ.ಟಿ.ಎಫ್. ಸುರಿದರೆ ಹಲ್ಲು ಉಳಿಯುವುದಿಲ್ಲ. ಹಾಗೆಂದು ಜಿಎಲ್-5 ಎಂಬುದು ಜಿಎಲ್-4ರ ಸುಧಾರಿತ ಆವೃತ್ತಿ ಎಂದು ತಿಳಿಯಬಾರದು. ಜಿಎಲ್-5ರಲ್ಲಿ ತೀವ್ರ ಒತ್ತಡ ತಾಳುವ ಗಂಧಕ ಮತ್ತು ರಂಜಕದ ಸೇರ್ಪಡೆ ಹೆಚ್ಚಾಗಿರುತ್ತದೆ. ಅದು ಉಕ್ಕಿನ ಹಲ್ಲುಗಳಿಗೆ ಹಿತ. ಗೇರ್‌ಬಾಕ್ಸಿನ ಹಿತ್ತಾಳೆ, ಕಂಚಿನ ಬಿಡಿಭಾಗಗಳಿಗೆ ಅಹಿತವಾಗಬಹುದು. ಅಂಕಿ ದೊಡ್ಡದಿದ್ದರೆ ಎಣ್ಣೆ ಉತ್ತಮ ಎಂಬ ಲೆಕ್ಕ ಇಲ್ಲಿ ನಡೆಯದು. ಎಂಜಿನ್ ಆಯಿಲ್‌ನ ಅಂಕಿಗಳನ್ನು ಗೇರ್ ಆಯಿಲ್‌ನ ಅಂಕಿಗಳೊಡನೆ ಹೋಲಿಸುವುದೂ ಸಲ್ಲದು: ಎರಡರ ಅಳತೆಗೋಲು ಬೇರೆ, 90ರ ಗೇರ್ ಆಯಿಲ್ ದಪ್ಪದಲ್ಲಿ ಹೆಚ್ಚುಕಡಿಮೆ 40-50ರ ಎಂಜಿನ್ ಆಯಿಲ್‌ಗೆ ಸಮ.

ಬಣ್ಣವನ್ನು ನೋಡಿ ಎಣ್ಣೆ ಗುರುತಿಸುವ ಪದ್ಧತಿಯನ್ನೂ ಪೂರ್ತಿ ನಂಬುವಂತಿಲ್ಲ. ಎ.ಟಿ.ಎಫ್. ಸಾಮಾನ್ಯವಾಗಿ ಕೆಂಪಗಿರುವುದು ಬೆರೆಸಿದ ಬಣ್ಣದಿಂದ. ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಕೆಲವು ಪಿಕಪ್‌ಗಳ ಟ್ರಾನ್ಸ್‌ಫರ್ ಕೇಸಿಗೆ ನೀಲಿ ಬಣ್ಣದ ಪ್ರತ್ಯೇಕ ಎಣ್ಣೆಯೇ ಇದೆ. ಅವುಗಳೊಳಗಿನ ಕ್ಲಚ್ ತಟ್ಟೆಗಳು ತಾವಾಗಿಯೇ ಮುಂದಿನ ಚಕ್ರಕ್ಕೆ ಬಲ ಸೇರಿಸುವುದರಿಂದ ಎಣ್ಣೆಯ ಜಾರುಗುಣ ಅಳತೆ ಮೀರುವಂತಿಲ್ಲ. ಹೊರನೋಟಕ್ಕೆ ಒಂದೇ ತೆರನಾದ ಪೆಟ್ಟಿಗೆಗಳಿಗೂ ಬೇರೆ ಬೇರೆ ಎಣ್ಣೆ ಬೇಕಾಗಬಹುದೆಂಬುದಕ್ಕೆ ಇದು ಸಾಕ್ಷಿ. ಇನ್ನು ‘ಡೆಕ್ಸ್ರಾನ್-3’ ಎಂಬ ಪದ: ಈ ಮಾನದಂಡದ ಪರವಾನಗಿಯನ್ನು ಜನರಲ್ ಮೋಟಾರ್ಸ್ 2006ರ ಅಂತ್ಯಕ್ಕೆ ನಿಲ್ಲಿಸಿತು. ಈಗ ಡಬ್ಬಿಗಳ ಮೇಲೆ ಕಾಣುವ ಆ ಹೆಸರು ಎಣ್ಣೆ ಕಂಪನಿಯ ಸ್ವಂತ ಹೇಳಿಕೆ ಮಾತ್ರ. ಹಾಗಾಗಿ ಬಿಡಿಯಾಗಿ ಅಳೆದು ಕೊಡುವ ಎಣ್ಣೆಯನ್ನು ಕೊಳ್ಳದೆ, ವಾಹನ ತಯಾರಕರು ಅನುಮೋದಿಸಿದ, ಮೊಹರು ಒಡೆಯದ ಡಬ್ಬಿಯನ್ನೇ ಪಡೆಯುವುದು ಕ್ಷೇಮ.

ಹಾಗಾದರೆ ಯಾವ ಎಣ್ಣೆ ಎಂಬುದನ್ನು ಎಲ್ಲಿ ನೋಡಬೇಕು? ವಾಹನದೊಡನೆ ಬಂದ ಮಾಲೀಕರ ಕೈಪಿಡಿಯ ಕೊನೆಯ ಪುಟಗಳಲ್ಲಿ ಕೀಲೆಣ್ಣೆಗಳ ಪಟ್ಟಿ ಇರುತ್ತದೆ. ಅದರಲ್ಲಿ ಟ್ರಾನ್ಸ್‌ಫರ್ ಕೇಸಿನ ಸಾಲನ್ನೇ ಓದಬೇಕು, ಗೇರ್‌ಬಾಕ್ಸಿನ ಸಾಲನ್ನಲ್ಲ. ಕೈಪಿಡಿ ಕಳೆದಿದ್ದರೆ (ಬಹುತೇಕ ಕಳೆದೇ ಇರುತ್ತದೆ) ಚಾಸಿಸ್ ಸಂಖ್ಯೆಯನ್ನು ಕೊಟ್ಟು ಅಧಿಕೃತ ಸೇವಾ ಕೇಂದ್ರದಿಂದ ಲಿಖಿತವಾಗಿ ಪಡೆದು ವಾಹನದ ಕಡತಕ್ಕೆ ಸೇರಿಸಬಹುದು. ಅದೇ ಹೆಸರಿನ ವಾಹನದ ಬೇರೆ ವರ್ಷದ ಮಾದರಿಯ ಮಾಹಿತಿ ಸಾಲದು. ನಡುವೆ ಪೆಟ್ಟಿಗೆ ಬದಲಾಗಿರಬಹುದು.

ಸರಿಯಾದ ಎಣ್ಣೆಯೂ ಎರಡು ಸಂದರ್ಭಗಳಲ್ಲಿ ನಿಷ್ಪ್ರಯೋಜಕವಾಗುತ್ತದೆ. ಮೊದಲನೆಯದು ಹಳ್ಳ ದಾಟುವಾಗ ಒಳಸೇರುವ ನೀರು. ಬಿಸಿಯಾದ ಪೆಟ್ಟಿಗೆ ತಣ್ಣೀರಿನಲ್ಲಿ ಮುಳುಗಿದೊಡನೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ನಳಿಕೆ ಕಿತ್ತಿದ್ದರೆ ಅಥವಾ ಸೀಲು ಸವೆದಿದ್ದರೆ ನೀರನ್ನು ಒಳಗೆಳೆಯುತ್ತದೆ. ಎಣ್ಣೆ ಹಾಲು ಬೆರೆಸಿದ ಚಹದಂತೆ ಕಂಡರೆ ಕಿಲೋಮೀಟರ್ ಲೆಕ್ಕ ನೋಡದೆ ಬದಲಿಸಲೇಬೇಕು. ಎರಡನೆಯದು ಒಣ ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡೇ ಓಡಿಸುವುದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕು. ಕೆಸರಿನಲ್ಲಿ ಟಯರು ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರಲು ಅವಕಾಶವಿಲ್ಲದೆ ಇಡೀ ಸೆಳೆತ ಚೈನಿನ ಮೇಲೆ ಬೀಳುತ್ತದೆ. ಅಗತ್ಯವಿದ್ದಾಗ ಮಾತ್ರ ಫೋರ್ ವೀಲ್ ಸೇರಿಸುವ ಬಗೆಯ ಎಲ್ಲ ವಾಹನಗಳಿಗೂ ಇದು ಅನ್ವಯಿಸುತ್ತದೆ.

ಎಣ್ಣೆ ಬದಲಿಸುವಾಗ ಸಮತಟ್ಟಾದ ಜಾಗದಲ್ಲಿ ವಾಹನ ನಿಲ್ಲಿಸಿ, ತುಂಬುವ ಬೋಲ್ಟನ್ನು ಮೊದಲು ಬಿಚ್ಚಬೇಕು. ಆನಂತರ ತಳದ ಬೋಲ್ಟು. ಮೇಲಿನದು ತುಕ್ಕು ಹಿಡಿದು ಬಿಚ್ಚದಿದ್ದರೆ, ಎಣ್ಣೆ ಖಾಲಿ ಮಾಡಿದ ವಾಹನ ಅಲ್ಲಿಯೇ ಉಳಿಯುತ್ತದೆ. ತುಂಬುವ ರಂಧ್ರದ ಅಂಚಿಗೆ ಎಣ್ಣೆ ಬಂದು ಹೊರಸೂಸುವ ತನಕ ತುಂಬುವುದು ಸಾಮಾನ್ಯ ಕ್ರಮ. ತಳದ ಬೋಲ್ಟಿನ ಅಯಸ್ಕಾಂತಕ್ಕೆ ಹಿಟ್ಟಿನಂತಹ ಕಬ್ಬಿಣದ ಪುಡಿ ಅಂಟಿರುವುದು ಸಹಜ. ಚೂರುಗಳಿದ್ದರೆ ಪೆಟ್ಟಿಗೆ ಬಿಚ್ಚಿಸಿ ನೋಡಬೇಕು.

ಬಿಲ್ಲಿನಲ್ಲಿ ಐದೂ ಎಣ್ಣೆಗಳು ಪ್ರತ್ಯೇಕ ಸಾಲುಗಳಲ್ಲಿ, ದರ್ಜೆ ಮತ್ತು ಲೀಟರ್ ಸಹಿತ ಇರಬೇಕೆಂದು ಸದಸ್ಯರು ಕೇಳುವುದು ಅಪನಂಬಿಕೆಯೆನಿಸದು. 1.5 ಲೀಟರ್ ಹಿಡಿಯುವ ಪೆಟ್ಟಿಗೆಗೆ 3 ಲೀಟರ್ ಎಂದು ಬರೆದಿದ್ದರೆ ಆ ಸಾಲೇ ಪ್ರಶ್ನೆಗೆ ಎಡೆ ಮಾಡಿಕೊಡುತ್ತದೆ. ಬದಲಾವಣೆಯ ದಿನಾಂಕ, ಮೀಟರಿನ ಕಿಲೋಮೀಟರ್ ಮತ್ತು ದರ್ಜೆಯನ್ನು ಲಾಗ್ ಪುಸ್ತಕದಲ್ಲಿಯೂ ದಾಖಲಿಸಬೇಕು. ಹೊರತೆಗೆದ ಹಳೆಯ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುವುದರಿಂದ ಅದನ್ನು ಚರಂಡಿಗೆ ಬಿಡುವಂತಿಲ್ಲ. ಮರುಬಳಕೆಗೆ ಅಧಿಕೃತರಾದವರಿಗೆ ತಲುಪುವಂತೆ ಗ್ಯಾರೇಜಿನವರಿಗೇ ಒಪ್ಪಿಸಬೇಕು.

ಈಗಾಗಲೇ ಟ್ರಾನ್ಸ್‌ಫರ್ ಕೇಸಿಗೆ ತಪ್ಪು ಎಣ್ಣೆ ಬಿದ್ದಿರುವುದು ತಿಳಿದುಬಂದರೆ ಮುಂದಿನ ಸರ್ವೀಸಿನ ತನಕ ಕಾಯಬಾರದು. ಅದನ್ನು ಬಿಸಿಯಿರುವಾಗಲೇ ಪೂರ್ತಿ ಇಳಿಸಿ, ಸರಿಯಾದ ಎಣ್ಣೆ ತುಂಬಿ, ಕೆಲವು ದಿನ ಓಡಿಸಿ ಮತ್ತೊಮ್ಮೆ ಬದಲಿಸಿದರೆ ಮೂಲೆಗಳಲ್ಲಿ ಉಳಿದ ಹಳೆಯದೂ ಹೊರಬರುತ್ತದೆ. ಎರಡನೆಯ ಬದಲಾವಣೆಯ ವೆಚ್ಚಕ್ಕೆ ಆಕ್ಷೇಪ ಬಾರದಂತೆ ಅದರ ಕಾರಣವನ್ನು ಮೊದಲ ಬಿಲ್ಲಿನೊಡನೆಯೇ ಕಡತದಲ್ಲಿ ಬರೆದಿಡುವುದು ಸೂಕ್ತ.