ಐದನೆಯವನಿಗೆ ಮೊದಲು ಹೇಳಬೇಕು

ಚೆಸ್ ಒಲಿಂಪಿಯಾಡ್‌ನಲ್ಲಿ ಆಟ ಶುರುವಾದ ಮೇಲೆ ತಂಡದ ನಾಯಕನ ಬಾಯಲ್ಲಿ ಉಳಿಯುವುದು ಮೂರೇ ಮಾತು: ಡ್ರಾ ಕೇಳು, ಡ್ರಾ ಒಪ್ಪಿಕೊ, ಸೋಲು ಒಪ್ಪಿಕೊ. ಆಟಗಾರನೇ ಎದ್ದು ಬಂದು ‘ಎದುರಾಳಿ ಡ್ರಾ ಕೇಳ್ತಿದ್ದಾನೆ, ಏನು ಮಾಡಲಿ’ ಎಂದರೆ ಹೂಂ ಅನ್ನಬಹುದು, ಬೇಡ ಅನ್ನಬಹುದು, ನಿನ್ನಿಷ್ಟ ಅನ್ನಬಹುದು. ಅದನ್ನಾದರೂ ಪಂದ್ಯದ ಒಟ್ಟು ಲೆಕ್ಕ ನೋಡಿ ಹೇಳಬೇಕು. ಆ ಬೋರ್ಡಿನ ಆನೆ ಎಲ್ಲಿದೆ, ಕುದುರೆ ಎಲ್ಲಿ ಸಿಕ್ಕಿಬಿದ್ದಿದೆ ಎಂಬ ಸುದ್ದಿ ಎತ್ತುವಂತಿಲ್ಲ. ಗ್ರ್ಯಾಂಡ್‌ಮಾಸ್ಟರ್ ಆಗಿರುವ ನಾಯಕ ತನ್ನ ಹುಡುಗ ಕಣ್ಣೆದುರೇ ಕುದುರೆ ಕಳೆದುಕೊಳ್ಳುವುದನ್ನು ನೋಡುತ್ತ, ಕೈ ಹಿಂದೆ ಕಟ್ಟಿಕೊಂಡು ನಿಂತಿರಬೇಕು.

ಈ ಕಾನೂನನ್ನು ನನಗೆ ಹೇಳಿಕೊಟ್ಟವರು ಚೆನ್ನೈನ ಅಣ್ಣಾ ನಗರದಲ್ಲಿ ಮಕ್ಕಳಿಗೆ ಚೆಸ್ ಕಲಿಸುವ ಒಬ್ಬ ಮೇಷ್ಟ್ರು. ಹೊಸೂರು ಕಡೆಯವರು. ಮನೆಮಾತು ಕನ್ನಡ, ಪಾಠ ಇಂಗ್ಲಿಷು, ಗದರಿಕೆ ಮಾತ್ರ ತಮಿಳು. ಹೆಸರು ಬರೆಯಬೇಡಿ ಎಂದಿದ್ದಾರೆ. ಕಾರಣ, ಪೋಷಕರ ವಾಟ್ಸಾಪ್ ಗುಂಪು.

ನಿಜ ಹೇಳಬೇಕೆಂದರೆ ನಾನು ಅಣ್ಣಾ ನಗರಕ್ಕೆ ಹೋದದ್ದು ಅಲ್ಲಿನ ಗೋಪುರ ನೋಡಲು. 1968ರ ವಾಣಿಜ್ಯ ಮೇಳಕ್ಕೆಂದು ಕಟ್ಟಿದ, ಮೆಟ್ಟಿಲ ಬದಲು ಸುತ್ತುತ್ತ ಏರುವ ಇಳಿಜಾರಿನ ಗೋಪುರ ಅದು. 2011ರಲ್ಲಿ ಬೀಗ ಬಿದ್ದು 2023ರಲ್ಲಿ ಮತ್ತೆ ತೆರೆದಿದೆ, ಸುತ್ತಲೂ ಕಬ್ಬಿಣದ ಜಾಲರಿ ಹಾಕಿಸಿಕೊಂಡು. ಜಾಲರಿಯ ಹಿಂದಿನಿಂದ ನೋಡಿದ ಚೆನ್ನೈ ನನಗೆ ಅಷ್ಟೇನೂ ಹಿಡಿಸಲಿಲ್ಲ. ಕೆಳಗಿಳಿದು ಬಂಧುಗಳ ಮನೆಗೆ ಹೋದರೆ ಅವರ ಹುಡುಗ ಚೆಸ್ ಕ್ಲಾಸಿಗೆ ಹೊರಟಿದ್ದ. ‘ಬರ್ತೀರಾ? ಸಾರ್ ಕನ್ನಡ ಮಾತಾಡ್ತಾರೆ’ ಅಂದ. ಹೋದೆ.

ಚೆನ್ನೈನ ಈ ಪಶ್ಚಿಮದ ಮಗ್ಗುಲಲ್ಲಿ ಚೆಸ್ ಕ್ಲಾಸು ಹುಡುಕಬೇಕಾಗಿಲ್ಲ. ಗ್ರ್ಯಾಂಡ್‌ಮಾಸ್ಟರ್‌ಗಳಾದ ಪ್ರಜ್ಞಾನಂದ, ವೈಶಾಲಿ ಬೆಳೆದದ್ದು ಪಕ್ಕದ ಪಾಡಿಯಲ್ಲಿ. ಗುಕೇಶ್ ಓದಿದ ವೇಲಮ್ಮಾಳ್ ಶಾಲೆ ಇನ್ನೂ ಸ್ವಲ್ಪ ಪಶ್ಚಿಮಕ್ಕೆ, ಮೇಲ್ ಅಯನಂಬಾಕ್ಕಂನಲ್ಲಿ. 2022ರಲ್ಲಿ ಮಾಮಲ್ಲಪುರಂನಲ್ಲಿ ಒಲಿಂಪಿಯಾಡ್ ನಡೆದಾಗ ನೇಪಿಯರ್ ಸೇತುವೆಗೇ ಕಪ್ಪು ಬಿಳುಪು ಚೌಕ ಬಳಿದ ಊರಿದು. ಪಂಚೆ ಉಟ್ಟ ಕುದುರೆ ‘ತಂಬಿ’ ಊರ ತುಂಬ ಕೈಮುಗಿದು ನಿಂತಿತ್ತು. ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬ ಭಾವಿ ವಿಶ್ವ ಚಾಂಪಿಯನ್ ಇದ್ದಾನೆಂದು ಅವನ ತಾಯಿ ತಂದೆ ನಂಬಿದ್ದಾರೆ. ನಾನಂತೂ ನಂಬುವುದಿಲ್ಲ. ಮೇಷ್ಟ್ರೂ ನಂಬುವುದಿಲ್ಲ, ಆದರೆ ಅದನ್ನು ಫೀಸು ಕೊಡುವವರ ಮುಂದೆ ಹೇಳುವುದಿಲ್ಲ.

ಮಹಡಿಯ ಮೇಲೆ ತಗಡಿನ ಮಾಡು, ನಾಲ್ಕು ಮೇಜು, ಐದು ಮಕ್ಕಳು. ಶಾಲಾ ತಂಡಗಳ ಟೂರ್ನಿಗೆ ತಯಾರಿ. ಒಲಿಂಪಿಯಾಡ್‌ನ ಹಾಗೆಯೇ ಲೆಕ್ಕ: ತಂಡದಲ್ಲಿ ಐವರು, ಪ್ರತಿ ಸುತ್ತಿಗೂ ಆಡುವವರು ನಾಲ್ವರು. ಯಾರು ಮೊದಲ ಬೋರ್ಡು, ಯಾರು ಕೊನೆ ಎಂಬ ಕ್ರಮ ಟೂರ್ನಿಗೆ ಮುಂಚೆಯೇ ಬರೆದುಕೊಡಬೇಕು, ಆಮೇಲೆ ಅದಲುಬದಲು ಇಲ್ಲ. ಉಳಿಯುವ ಪ್ರಶ್ನೆ ಒಂದೇ, ದಿನಾ ಬೆಳಿಗ್ಗೆ: ಇವತ್ತು ಯಾರು ಆಡದೆ ಕೂರಬೇಕು?

‘ನಾನು ಕಲಿಸೋದು ಓಪನಿಂಗ್ ಅಂದ್ಕೊಂಡಿದಾರೆ ಎಲ್ಲಾ. ಅದನ್ನ ಕಂಪ್ಯೂಟರ್ ನನಗಿಂತ ಚೆನ್ನಾಗಿ ಕಲಿಸುತ್ತೆ. ನನ್ನ ಕೆಲಸ ಆ ಐದನೇ ಕುರ್ಚಿ’ ಅಂದರು.

ನನಗೆ ಬೇಸ್‌ಬಾಲ್ ಹುಚ್ಚು ಹಳೆಯದು. ಆ ಮಾತು ಕೇಳಿದ್ದೇ ತಡ, ಸುಮ್ಮನಿರಲಾಗಲಿಲ್ಲ. ಅಮೆರಿಕದ ದೊಡ್ಡ ಲೀಗಿನಲ್ಲಿ ಒಂದು ತಂಡ ಆರು ತಿಂಗಳಲ್ಲಿ 162 ಪಂದ್ಯ ಆಡುತ್ತದೆ. ತಂಡದಲ್ಲಿ 26 ಮಂದಿ. ಬ್ಯಾಟಿಂಗ್ ಸರದಿಯ ಒಂಬತ್ತು ಹೆಸರಿನ ಲೈನಪ್ ಕಾರ್ಡ್ ಬರೆದು ಪಂದ್ಯಕ್ಕೆ ಮುನ್ನ ಅಂಪೈರ್ ಕೈಗೆ ಕೊಡುವವನು ಮ್ಯಾನೇಜರ್. ಒಮ್ಮೆ ಹೊರತೆಗೆದ ಆಟಗಾರ ಆ ದಿನ ಮತ್ತೆ ಒಳಗೆ ಬರುವಂತಿಲ್ಲ. ಕೇಸಿ ಸ್ಟೆಂಗಲ್ ಎಂಬಾತ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ 1949ರಿಂದ 1953ರವರೆಗೆ ಸತತ ಐದು ವಿಶ್ವ ಸರಣಿ ಗೆಲ್ಲಿಸಿದ್ದು ಇಂಥ ಕಾರ್ಡಿನ ಬಲದಿಂದಲೇ: ಎಡಗೈ ಎಸೆತಗಾರ ಬಂದರೆ ಬಲಗೈ ಬ್ಯಾಟರ್, ಬಲಗೈಯವ ಬಂದರೆ ಎಡಗೈಯವ. ಹೀಗೆ ದಿನ ಬಿಟ್ಟು ದಿನ ಕೂರಿಸಿಕೊಂಡವರು ಅವನನ್ನು ಶಪಿಸುತ್ತಿದ್ದರು, ಗೆದ್ದ ಹಣವನ್ನೂ ಎಣಿಸುತ್ತಿದ್ದರು. ನಿನ್ನನ್ನು ದ್ವೇಷಿಸುವ ಐವರನ್ನು ಇನ್ನೂ ತೀರ್ಮಾನಕ್ಕೆ ಬಾರದವರಿಂದ ದೂರ ಇಡುವುದೇ ಮ್ಯಾನೇಜರ್ ಕೆಲಸ ಎಂಬರ್ಥದ ಮಾತೊಂದು ಅವನ ಹೆಸರಲ್ಲಿ ಓಡಾಡುತ್ತದೆ.

ಮೇಷ್ಟ್ರು ನಕ್ಕರು. ‘ಅವರಿಗೆ ಇಪ್ಪತ್ತಾರು ಜನ. ನನಗೆ ದ್ವೇಷಿಸೋಕೆ ಒಬ್ಬನೇ ಇರ್ತಾನೆ. ಮತ್ತೆ ಅವನ ಅಮ್ಮ.’

ಅವರ ಪದ್ಧತಿ ಹೀಗಿದೆ. ರಾತ್ರಿಯೇ ಪಟ್ಟಿ ಬರೆದಿಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ಮೊದಲ ಫೋನು ಹೋಗುವುದು ಆಡದ ಮಗುವಿಗೆ. ಆಡುವ ನಾಲ್ವರಿಗೆ ಆಮೇಲೆ. ಐದನೆಯವನಿಗೆ ಸುದ್ದಿ ಗೆಳೆಯರಿಂದ ತಿಳಿಯಬಾರದು. ‘ರೆಸ್ಟ್ ತಗೋ’ ಎಂಬ ಮಾತು ನಿಷಿದ್ಧ, ಮಕ್ಕಳಿಗೆ ಅದು ಸುಳ್ಳೆಂದು ಗೊತ್ತಾಗುತ್ತದಂತೆ. ಕಾರಣ ಒಂದೇ ವಾಕ್ಯದಲ್ಲಿ ಹೇಳುತ್ತಾರೆ: ಇವತ್ತಿನ ಎದುರಾಳಿ ನಿಧಾನದ ಆಟಗಾರ, ನಿನಗೆ ತಾಳ್ಮೆ ಕಮ್ಮಿ. ಅಷ್ಟೇ. ಕೂತವನು ಮನೆಯಲ್ಲಿ ಉಳಿಯುವಂತಿಲ್ಲ. ಹಾಲ್‌ವರೆಗೆ ಬರಬೇಕು, ಎಲ್ಲರ ಜೊತೆ ಊಟ ಮಾಡಬೇಕು, ಸಂಜೆ ನಾಲ್ವರ ಆಟವನ್ನೂ ಬೋರ್ಡಿನ ಮೇಲೆ ಮತ್ತೆ ಜೋಡಿಸಿ ತೋರಿಸಬೇಕು.

ಇದಕ್ಕಿಂತ ನನಗೆ ರುಚಿಸಿದ್ದು ಇನ್ನೊಂದು. ಸೋತವರನ್ನು ಅವರು ಮರುದಿನ ಕೂರಿಸುವುದಿಲ್ಲ. ಕೂರಿಸುವುದು ಸತತವಾಗಿ ಗೆದ್ದವರನ್ನು. ‘ಗೆದ್ದವಳು ಒಂದಿನ ಕೂತರೆ ಸಿಟ್ಟಾಗ್ತಾಳೆ, ಅಷ್ಟೆ. ಸೋತವಳು ಕೂತರೆ ಆ ಸೋಲನ್ನೇ ಇಡೀ ದಿನ ಆಡ್ತಿರ್ತಾಳೆ.’ ಮೂಲೆಯ ಮೇಜಿನಲ್ಲಿದ್ದ ಎಂಟನೇ ಕ್ಲಾಸಿನ ಹುಡುಗಿ ತಲೆ ಎತ್ತದೆ, ‘ಸಾರ್, ನಾನು ಗೆದ್ದಾಗ್ಲೂ ಕೂರಿಸಿದ್ರಿ, ಸೋತಾಗ್ಲೂ ಕೂರಿಸಿದ್ರಿ’ ಅಂದಳು. ‘ಸೋತಾಗ ನಿನಗೆ ಜ್ವರ ಇತ್ತಮ್ಮಾ.’ ‘ಜ್ವರ ಇರ್ಲಿಲ್ಲ.’ ಇದು ಮನಶ್ಶಾಸ್ತ್ರವೋ, ಪೋಷಕರ ಕಾಟದಿಂದ ಹುಟ್ಟಿದ ಯುಕ್ತಿಯೋ ಎಂಬ ಅನುಮಾನ ನನಗೆ ಬಂದದ್ದು ಆಗಲೇ. ಆದರೆ ಅವರ ಕೈಯಲ್ಲಿ ಸಾಕ್ಷಿ ಇತ್ತು, ಊರಿನದೇ ಸಾಕ್ಷಿ.

ಮಾಮಲ್ಲಪುರಂನಲ್ಲಿ ಆತಿಥೇಯ ಭಾರತ ಒಂದಕ್ಕಿಂತ ಹೆಚ್ಚು ತಂಡ ಇಳಿಸಿತ್ತು. ಹುಡುಗರ ‘ಬಿ’ ತಂಡಕ್ಕೆ ಆರ್.ಬಿ. ರಮೇಶ್ ನಾಯಕ. 2002ರ ಬ್ರಿಟಿಷ್ ಚಾಂಪಿಯನ್, ಮುಂದೆ ಆಟ ಬಿಟ್ಟು ಕಲಿಸುವುದಕ್ಕೆ ಕೂತವರು, ಪ್ರಜ್ಞಾನಂದನ ಗುರು. 2014ರ ಟ್ರಾಮ್ಸೊ ಒಲಿಂಪಿಯಾಡ್‌ನಲ್ಲಿ ವಿಶ್ವನಾಥನ್ ಆನಂದ್ ಇಲ್ಲದ ಭಾರತ ತಂಡ ಕಂಚು ಗೆದ್ದಾಗಲೂ ಅವರೇ ನಾಯಕರು. ಈ ಸಲ ಮೊದಲ ಬೋರ್ಡಿನಲ್ಲಿ 16ರ ಗುಕೇಶ್. ಎಂಟು ಆಟ, ಎಂಟೂ ಗೆಲುವು. ಎಂಟನೆಯದು ಅಮೆರಿಕದ ಕರುವಾನಾ ಮೇಲೆ, ತಂಡವೂ ಅಮೆರಿಕವನ್ನು 3-1ರಿಂದ ಮಣಿಸಿತು. ಒಂಬತ್ತನೆಯದು ಡ್ರಾ. ಹತ್ತನೇ ಸುತ್ತಿನಲ್ಲಿ ಉಜ್ಬೇಕಿಸ್ತಾನ. ಗುಕೇಶ್ ಒಳ್ಳೆಯ ಸ್ಥಿತಿಯಲ್ಲಿದ್ದು, ಗೆಲ್ಲಲೇಬೇಕೆಂದು ಎಳೆದು, ಅಬ್ದುಸತ್ತೋರೊವ್‌ಗೆ ಸೋತ. ತಂಡದ ಪಂದ್ಯ 2-2. ಚಿನ್ನ ಕೈಜಾರಿದ್ದು ಅಲ್ಲಿ.

ಮರುದಿನ ಕೊನೆಯ ಸುತ್ತು, ಜರ್ಮನಿ. ಒಂದೂ ಬಿಡದೆ ಹತ್ತೂ ಸುತ್ತು ಆಡಿ ದಣಿದ, ಹಿಂದಿನ ಸಂಜೆ ಬೋರ್ಡಿನ ಮುಂದೆ ಕುಸಿದು ಕೂತ ಹುಡುಗನನ್ನು ಬೇರೆಯವರಾಗಿದ್ದರೆ ಕೂರಿಸುತ್ತಿದ್ದರು. ಬೇಸ್‌ಬಾಲ್‌ನ ಮ್ಯಾನೇಜರ್ ಖಂಡಿತ ಕೂರಿಸುತ್ತಿದ್ದ, ಅವನಿಗೆ ನಾಳೆ ಎಂಬುದು ನೂರಕ್ಕೂ ಹೆಚ್ಚು ಸಲ ಇರುತ್ತದೆ. ರಮೇಶ್ ಕೊಟ್ಟ ಪಟ್ಟಿಯಲ್ಲಿ ಮೊದಲ ಹೆಸರು ಗುಕೇಶನದೇ. ಅವನು ಡ್ರಾ ಮಾಡಿಕೊಂಡ, ತಂಡ 3-1ರಿಂದ ಗೆದ್ದು ಕಂಚು ತಂದಿತು. 11ರಲ್ಲಿ 9 ಅಂಕದ ಗುಕೇಶ್‌ಗೆ ಮೊದಲ ಬೋರ್ಡಿನ ಚಿನ್ನ. ‘ಆ ಬೆಳಿಗ್ಗೆ ಹುಡುಗನನ್ನ ಕೂರಿಸಿದ್ದರೆ?’ ಎಂದು ಮೇಷ್ಟ್ರು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ.

ಅದೇ ಹಾಲ್‌ನಲ್ಲಿ ಮಹಿಳಾ ‘ಎ’ ತಂಡದ ನಾಯಕ ಅಭಿಜಿತ್ ಕುಂಟೆಯ ಐದನೇ ಕುರ್ಚಿಯ ಲೆಕ್ಕ ಬೇರೆಯದೇ. ತಂಡದ ಹಾರಿಕಾ ದ್ರೋಣವಲ್ಲಿ ತುಂಬು ಗರ್ಭಿಣಿ. ಒಲಿಂಪಿಯಾಡ್ ಮುಗಿದ ತಿಂಗಳೇ ಮಗಳು ಹುಟ್ಟಿದಳು. ಕೂರಿಸುವುದೋ ಆಡಿಸುವುದೋ ಎಂಬುದು ಅಲ್ಲಿ ಚೆಸ್ಸಿನ ಪ್ರಶ್ನೆಯಾಗಿ ಉಳಿದಿರಲಿಲ್ಲ. ಹಾರಿಕಾ ಆಡಿದರು. ಕೊನೆಯ ಸುತ್ತಿನಲ್ಲಿ ಅಮೆರಿಕಕ್ಕೆ 1-3ರಿಂದ ಸೋತ ತಂಡ ಚಿನ್ನದ ದಾರಿಯಿಂದ ಕಂಚಿಗೆ ಇಳಿಯಿತು.

ಮತ್ತೆ ಆ ಬಾಯಿಕಟ್ಟಿನ ಕಾನೂನಿಗೆ ಬರುತ್ತೇನೆ, ನನಗೆ ಅದು ಬಿಡುತ್ತಿಲ್ಲ. ಬಾಯಿ ಕಟ್ಟಿದರೆ ಕಾಲು ಮಾತಾಡುತ್ತದೆ. 2010ರಲ್ಲಿ ರಷ್ಯಾದ ಖಾಂಟಿ ಮಾನ್ಸಿಸ್ಕ್ ಒಲಿಂಪಿಯಾಡ್‌ನಲ್ಲಿ ಫ್ರಾನ್ಸ್ ತಂಡದಲ್ಲಿ ನಡೆದದ್ದು ಇದೇ. ಫ್ರಾನ್ಸ್‌ನಲ್ಲಿ ಕೂತ ಒಬ್ಬ ಕಂಪ್ಯೂಟರ್ ನೋಡಿ ನಡೆಗಳನ್ನು ಮೊಬೈಲ್ ಸಂದೇಶದಲ್ಲಿ ಕಳಿಸುತ್ತಿದ್ದ. ನಾಯಕ ಅರ್ನೋ ಓಷಾರ್ ಹಾಲ್‌ನೊಳಗೆ ಹೋಗಿ ಇಂಥಿಂಥ ಮೇಜಿನ ಹಿಂದೆ ನಿಲ್ಲುತ್ತಿದ್ದರು. ಯಾವ ಮೇಜು ಎಂಬುದೇ ಯಾವ ಚೌಕ ಎಂಬ ಸಂಕೇತ. ಆಡುತ್ತಿದ್ದ ಸೆಬಾಸ್ಟಿಯನ್ ಫೆಲ್ಲರ್ ತಲೆ ಎತ್ತಿ ನಾಯಕ ಎಲ್ಲಿ ನಿಂತಿದ್ದಾರೆಂದು ನೋಡಿದರೆ ಸಾಕಿತ್ತು. ಫ್ರಾನ್ಸ್‌ನ ಚೆಸ್ ಸಂಸ್ಥೆಯೇ ಬಯಲಿಗೆಳೆದು ಮೂವರಿಗೂ ಶಿಕ್ಷೆ ಕೊಟ್ಟಿತು. ಬಾಯಿ ತೆರೆಯದೆ, ಕೈ ಎತ್ತದೆ, ಬರೀ ನಿಂತು ಮೋಸ ಮಾಡಿದ ನಾಯಕ ಕ್ರೀಡಾ ಚರಿತ್ರೆಯಲ್ಲಿ ಇನ್ನೊಬ್ಬನಿದ್ದಾನೆಯೇ?

ಬೇಸ್‌ಬಾಲ್‌ನಲ್ಲಾದರೆ ಇಂಥ ಸಂಜ್ಞೆ ಆಟದ ಭಾಗ. ಮ್ಯಾನೇಜರ್ ಟೋಪಿ ಮುಟ್ಟಿದರೆ, ಮೂಗು ಸವರಿದರೆ ಅದು ಕೋಚ್ ಮೂಲಕ ಓಟಗಾರನಿಗೆ ತಲುಪುವ ಆಜ್ಞೆ. ಎದುರಾಳಿಯ ಸಂಜ್ಞೆಯನ್ನು ಬರಿಗಣ್ಣಿನಿಂದ ಕದಿಯುವುದೂ ನ್ಯಾಯವೇ. ಕ್ಯಾಮೆರಾ ತಂದರೆ ಅಪರಾಧ. 2017ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಆಟಗಾರರು ಕ್ಯಾಮೆರಾದಲ್ಲಿ ಸಂಜ್ಞೆ ನೋಡಿ, ಕಸದ ಡಬ್ಬಿ ಬಡಿದು ತಮ್ಮ ಬ್ಯಾಟರ್‌ಗೆ ಸುಳಿವು ಕೊಡುತ್ತಿದ್ದರು. ಮ್ಯಾನೇಜರ್ ಎ.ಜೆ. ಹಿಂಚ್‌ಗೆ ಇದು ಇಷ್ಟವಿರಲಿಲ್ಲ. ಎರಡು ಸಲ ಆ ಮಾನಿಟರ್ ಅನ್ನೇ ಹಾಳುಗೆಡವಿದರು ಎಂದು ಲೀಗಿನ ತನಿಖಾ ವರದಿ ಹೇಳುತ್ತದೆ. ಆದರೆ ನಿಲ್ಲಿಸಿ ಎಂದು ಹುಡುಗರಿಗೆ ಹೇಳಲಿಲ್ಲ. 2020ರಲ್ಲಿ ಒಂದು ವರ್ಷ ಅಮಾನತಾಗಿ ಕೆಲಸವನ್ನೂ ಕಳೆದುಕೊಂಡರು. ಮಾತಾಡುವ ಹಕ್ಕಿದ್ದೂ ಮಾನಿಟರ್ ಒಡೆದವರ ಮೇಲೆ ನನಗೆ ಕನಿಕರ ಹುಟ್ಟುವುದಿಲ್ಲ. ಮೇಷ್ಟ್ರಿಗೆ ಹುಟ್ಟಿತು. ‘ಗೆಲ್ಲುತ್ತಿರೋ ಹುಡುಗರಿಗೆ ಬೇಡ ಅನ್ನೋದು ಸುಲಭ ಅಲ್ಲ’ ಎಂದರು. ಕಸದ ಡಬ್ಬಿಯ ಕತೆಯನ್ನು ಮಕ್ಕಳು ಎರಡನೇ ಸಲ ಹೇಳಿಸಿಕೊಂಡರು. ಮುಂದಿನ ಟೂರ್ನಿಯಲ್ಲಿ ಏನಾಗುತ್ತದೋ, ಜವಾಬ್ದಾರಿ ನನ್ನದಲ್ಲ.

ನಮ್ಮ ಕಡೆಯ ಮಾತೂ ಬಂತು. ‘ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಬಂದದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್. ಇಲ್ಲಿ ಆನಂದ್ ಆದದ್ದು 1988ರಲ್ಲಿ’ ಎಂದು ಮೇಷ್ಟ್ರು ತೀರಾ ಸಂತೋಷದಿಂದ ಹೇಳಿದರು. ಆಮೇಲೆ ಶಿವಮೊಗ್ಗದ ಸ್ಟ್ಯಾನಿ, ಬೆಂಗಳೂರಿನ ಪ್ರಣವ್ ಆನಂದ್ ಎಲ್ಲ ಬಂದರಲ್ಲ ಎಂದು ನಾನು ವಾದಿಸಿದೆ. ಹೊಸೂರಿನವರಿಗೆ ಎರಡು ಕಡೆಯೂ ಸಲ್ಲುವ ಅನುಕೂಲವಿದೆ. ಗೆದ್ದ ಕಡೆ ನಿಂತರು.

ನಾಯಕನ ಕೈಚಳಕಕ್ಕೆ ಮೇಷ್ಟ್ರು ಕೊಡುವ ದೊಡ್ಡ ಉದಾಹರಣೆ 2024ರ ಬುಡಾಪೆಸ್ಟ್ ಒಲಿಂಪಿಯಾಡ್. ನಾಯಕ ಚೆನ್ನೈನವರೇ ಆದ ಶ್ರೀನಾಥ್ ನಾರಾಯಣನ್. ಆಗ ಭಾರತದಲ್ಲಿ ರೇಟಿಂಗ್‌ನಲ್ಲಿ ಎಲ್ಲರಿಗಿಂತ ಮೇಲಿದ್ದವನು ಅರ್ಜುನ್ ಎರಿಗೈಸಿ. ಅವನಿಗೆ ಕೊಟ್ಟದ್ದು ಮೂರನೇ ಬೋರ್ಡು. ಮೇಲೆ ಗುಕೇಶ್, ಪ್ರಜ್ಞಾನಂದ. ಅರ್ಜುನ್ ಹನ್ನೊಂದೂ ಸುತ್ತು ಆಡಿ ಒಂಬತ್ತು ಗೆದ್ದು ಎರಡು ಡ್ರಾ ಮಾಡಿದ. ತಂಡ 22ಕ್ಕೆ 21 ಅಂಕ ಬಾಚಿ ಮೊದಲ ಸಲ ಚಿನ್ನ ಗೆದ್ದಿತು. ಇದರಲ್ಲಿ ನಾಯಕನ ಪಾಲೆಷ್ಟು, ಅಷ್ಟು ಚೆನ್ನಾಗಿ ಆಡುವವನನ್ನು ಯಾವ ಬೋರ್ಡಿನಲ್ಲಿ ಆಡಿಸಿದರೂ ಗೆಲ್ಲುತ್ತಿರಲಿಲ್ಲವೇ ಎಂದು ನಾನು ಕೇಳಿದೆ. ಗೆದ್ದ ಮೇಲೆ ಎಲ್ಲ ಪಟ್ಟಿಯೂ ಬುದ್ಧಿವಂತಿಕೆಯ ಪಟ್ಟಿಯಾಗಿಯೇ ಕಾಣುತ್ತದೆ ಎಂಬುದು ನನ್ನ ಗುಮಾನಿ.

‘ಅರ್ಜುನ್ ಬಿಡಿ. ಆ ತಂಡದಲ್ಲಿ ನೋಡಬೇಕಾದ್ದು ಹರಿಕೃಷ್ಣನ್ನ’ ಅಂದರು ಮೇಷ್ಟ್ರು.

ಪೆಂಟಾಲ ಹರಿಕೃಷ್ಣ 2001ರಲ್ಲೇ ಗ್ರ್ಯಾಂಡ್‌ಮಾಸ್ಟರ್ ಆದವರು, ಆಗ ಗುಕೇಶ್ ಹುಟ್ಟಿರಲೇ ಇಲ್ಲ. ಬುಡಾಪೆಸ್ಟ್‌ನಲ್ಲಿ ಅವರಿಗೆ ಸಿಕ್ಕಿದ್ದು ಮೂರು ಆಟ. ಉಳಿದ ಎಂಟು ಸುತ್ತು ಐದನೇ ಕುರ್ಚಿ. ವಾರಗಳ ಬಳಿಕ ಗುಕೇಶ್ ವಿಶ್ವ ಪಟ್ಟಕ್ಕಾಗಿ ಡಿಂಗ್ ಲಿರೆನ್ ಎದುರು ಸಿಂಗಪುರಕ್ಕೆ ಹೊರಟಾಗ, ತೆರೆಮರೆಯಲ್ಲಿ ನಡೆಗಳನ್ನು ಸಿದ್ಧಪಡಿಸಿಕೊಡುವ ತಂಡದಲ್ಲಿ ಹರಿಕೃಷ್ಣ ಇದ್ದರು. 2024ರ ಡಿಸೆಂಬರ್ 12ರಂದು ಗುಕೇಶ್ ಗೆದ್ದು ಚಾಂಪಿಯನ್ ಆದ ಮೇಲೆಯೇ ಹರಿಕೃಷ್ಣರ ಹೆಸರು ಹೊರಬಂದದ್ದು.