‘ಬ್ಲೆಂಡೆಡ್’ ಅಂದ್ರೆ ಕಲಬೆರಕೆ ಅಲ್ಲ: ಸ್ಕಾಚ್ ಲೇಬಲ್ ಓದೋದು, ರುಚಿ ಅಳೆಯೋದು ಹೇಗೆ?

ನಂದಿನಿ ಲೇಔಟ್: ಒಂದು ಬಾಟಲಿ ಮೇಲೆ ‘ಬ್ಲೆಂಡೆಡ್’, ಪಕ್ಕದ್ದರ ಮೇಲೆ ‘ಬ್ಲೆಂಡೆಡ್ ಮಾಲ್ಟ್’. ಎರಡೂ ಒಂದೇ ಅಂದ್ಕೊಂಡು ಸಾವಿರಾರು ರೂಪಾಯಿ ಕೊಡೋ ಮುಂಚೆ ವ್ಯತ್ಯಾಸ ತಿಳಿದಿರಲಿ. ಗ್ರಾಹಕರು ಕೇಳಿದಾಗ ಸರಿಯಾಗಿ ಹೇಳೋಕೆ ಅಂಗಡಿಯವರಿಗೂ ಇದು ಬೇಕು.

ಲೇಬಲ್ ಹೇಳೋದೇನು?

ಬ್ರಿಟನ್‌ನ 2009ರ ಸ್ಕಾಚ್ ವಿಸ್ಕಿ ನಿಯಮಗಳ ಪ್ರಕಾರ, ಮೊಳಕೆ ಬಾರ್ಲಿಯಿಂದ ಒಂದೇ ಡಿಸ್ಟಿಲರಿಯಲ್ಲಿ ತಯಾರಾದದ್ದು ಸಿಂಗಲ್ ಮಾಲ್ಟ್. ಎರಡು ಅಥವಾ ಹೆಚ್ಚು ಡಿಸ್ಟಿಲರಿಗಳ ಸಿಂಗಲ್ ಮಾಲ್ಟ್‌ಗಳು ಸೇರಿದರೆ ಬ್ಲೆಂಡೆಡ್ ಮಾಲ್ಟ್. ಮಾಲ್ಟ್ ಜೊತೆ ಗೋಧಿ, ಮೆಕ್ಕೆಜೋಳದಂಥ ಧಾನ್ಯದ ಗ್ರೇನ್ ವಿಸ್ಕಿ ಸೇರಿದರೆ ಅದು ಬರೀ ಬ್ಲೆಂಡೆಡ್. ಜಾನಿ ವಾಕರ್ ಗ್ರೀನ್ ಲೇಬಲ್, ಮಂಕಿ ಶೋಲ್ಡರ್ ಬ್ಲೆಂಡೆಡ್ ಮಾಲ್ಟ್. ಬ್ಲ್ಯಾಕ್ ಲೇಬಲ್ ಬ್ಲೆಂಡೆಡ್.

ಚಿಕೋರಿ ಹಾಕದೆ, ಎರಡು ತೋಟದ ಕಾಫಿ ಬೀಜ ಬೆರೆಸಿ ಪುಡಿ ಮಾಡಿಸಿದ ಹಾಗೆ ಬ್ಲೆಂಡೆಡ್ ಮಾಲ್ಟ್. ಲೇಬಲ್‌ನಲ್ಲಿ 15 ವರ್ಷ ಅಂತಿದ್ದರೆ, ಒಳಗಿರುವ ಅತಿ ಎಳೆಯ ಮಾಲ್ಟ್‌ಗೂ ಅಷ್ಟು ವಯಸ್ಸಾಗಿರಬೇಕು.

ನಮ್ಮ ಕಡೆಯ ಉದಾಹರಣೆ

ಕೆಂಗೇರಿ ಬಳಿ ಕಂಬೀಪುರದಲ್ಲಿರುವ ಅಮೃತ್ ಡಿಸ್ಟಿಲರೀಸ್‌ನ ‘ಫ್ಯೂಷನ್’ನಲ್ಲಿ ಭಾರತದ ಬಾರ್ಲಿಯೂ ಇದೆ, ಸ್ಕಾಟ್ಲೆಂಡ್‌ನ ಹೊಗೆ ಹಿಡಿಸಿದ ಬಾರ್ಲಿಯೂ ಇದೆ. ಆದ್ರೂ ಅದು ಸಿಂಗಲ್ ಮಾಲ್ಟ್, ಯಾಕಂದ್ರೆ ಡಿಸ್ಟಿಲರಿ ಒಂದೇ. ಸ್ಕಾಟ್ಲೆಂಡ್‌ನಲ್ಲಿ ತಯಾರಾಗದ ಕಾರಣ ಸ್ಕಾಚ್ ಅಲ್ಲ. ಜಿಮ್ ಮರ್ರೆ ತಮ್ಮ 2010ರ ‘ವಿಸ್ಕಿ ಬೈಬಲ್’ನಲ್ಲಿ ಇದಕ್ಕೆ ವಿಶ್ವದಲ್ಲೇ ಮೂರನೇ ಸ್ಥಾನ ಕೊಟ್ಟಿದ್ದರು. ಅಂದರೆ ಈ ಹೆಸರುಗಳು ಹೇಳೋದು ತಯಾರಿಕೆಯ ವಿಧಾನವನ್ನು, ಗುಣಮಟ್ಟವನ್ನಲ್ಲ.

ರುಚಿ ನೋಡೋದು ಹೀಗೆ

* ಬಣ್ಣ ನಂಬಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಹಾಕಲು ಅನುಮತಿ ಇದೆ.
* ಬಾಯಿ ಕಿರಿದಾದ ಲೋಟದಲ್ಲಿ ಸ್ವಲ್ಪ ಸುರಿದು, ತುಸು ದೂರದಿಂದ ಮೂಸಿ. ಹಣ್ಣು, ಜೇನು, ಹೊಗೆ, ಮರದ ವಾಸನೆ ಬೇರೆ ಬೇರೆಯಾಗಿ ಸಿಗುತ್ತಾ ನೋಡಿ.
* ಒಂದು ಗುಟುಕು ನಾಲಗೆ ಮೇಲೆ ಕೆಲಕಾಲ ಇಟ್ಟುಕೊಳ್ಳಿ. ಆಮೇಲೆ ನಾಲ್ಕು ಹನಿ ನೀರು ಹಾಕಿ ಮತ್ತೆ ನೋಡಿ. ಐಸ್ ಹಾಕಿದರೆ ವಾಸನೆ ಅಡಗುತ್ತದೆ, ಸೋಡಾ ರುಚಿ ಬದಲಿಸುತ್ತದೆ.
* ಎರಡು ವಿಸ್ಕಿ ಹೋಲಿಸುವಾಗ ಲೇಬಲ್ ಮುಚ್ಚಿಡಿ. ಬೆಲೆ ಗೊತ್ತಿದ್ದರೆ ನಾಲಗೆಯೂ ಮೋಸ ಹೋಗುತ್ತೆ.

ಬ್ಲೆಂಡೆಡ್ ಮಾಲ್ಟ್‌ನಲ್ಲಿ ಮುಖ್ಯವಾಗಿ ನೋಡಬೇಕಾದ್ದು ಹೊಂದಾಣಿಕೆ. ಒಂದು ಮಾಲ್ಟ್‌ನ ಹೊಗೆ ಇನ್ನೊಂದರ ಹಣ್ಣಿನ ರುಚಿಯನ್ನು ನುಂಗಬಾರದು. ಮೂಗಿಗೆ ಸಿಕ್ಕಿದ್ದು ಬಾಯಿಗೂ ಸಿಗಬೇಕು, ನುಂಗಿದ ಮೇಲೂ ಸ್ವಲ್ಪ ಹೊತ್ತು ಉಳಿಯಬೇಕು. ಬರೀ ಗಂಟಲು ಉರಿ ಉಳಿದರೆ ಅಂಕ ಕಡಿಮೆ.

ಇಷ್ಟಕ್ಕೆಲ್ಲ 30 ಎಂ.ಎಲ್. ಸಾಕು. ಮದ್ಯಪಾನ ಆರೋಗ್ಯಕ್ಕೆ ಹಾನಿಕರ. ಕುಡಿದ ಮೇಲೆ ಗಾಡಿ ಮುಟ್ಟಬೇಡಿ.